ಕೆಮ್ಮಣ್ಣಿನ ನಾಲ್ಕನೇ ಹೆಸರು

ಫೆಬ್ರವರಿಯ ಒಂದು ಮಂಗಳವಾರ ಚಳ್ಳಕೆರೆಯ ಶಿಲ್ಪಿಯೊಬ್ಬರ ಶೆಡ್ಡಿನಲ್ಲಿ, ಕಲ್ಲಿನ ಮೇಲೆ ಬರೆದಿದ್ದ ಹೆಸರೊಂದನ್ನು ಕೆತ್ತುವ ಮೊದಲೇ ಅಳಿಸಲಾಯಿತು. ವರದಿಗೆಂದು ಹೋಗಿ ಕೊಲೆಯಾದ ಪತ್ರಕರ್ತರ ಸ್ಮಾರಕವದು: ಆಳೆತ್ತರದ, ತೆರೆದಿಟ್ಟ ಕಲ್ಲಿನ ನೋಟ್‌ಬುಕ್. ಅದರ ಹಾಳೆಯಲ್ಲಿ ಕೆಮ್ಮಣ್ಣಿನಿಂದ ಬರೆದ ಐದು ಹೆಸರುಗಳಿದ್ದವು. ಮೊದಲನೆಯದನ್ನು ಕೆತ್ತಿ ಆಗಿತ್ತು.

ಬಸ್ ತಪ್ಪಿ ನಾನು ಅಲ್ಲಿ ಕುಳಿತಿದ್ದೆ. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಹೆಂಗಸೊಬ್ಬರು ಬಸ್ಸಿಳಿದು ಓಡುತ್ತಲೇ ಬಂದರು.

"ಆಚಾರ್ರೇ, ಉಳಿ ನಿಲ್ಸ್ರಿ! ಪಟ್ಟಿಯಾಗೆ ನಮ್ಮನೆಯೋರ ಹೆಸರೂ ಸೇರ್ಸವ್ರಂತೆ. ಮರಳು ಲಾರಿ ಸುದ್ದಿಗೆ ಗಡಿಯಾಚೆ ಹೋಗಿ ಒಂಬತ್ತು ದಿನ ಆಗೈತೆ. ಕಾಣ್ತಿಲ್ಲ ಅಷ್ಟೆ, ಸತ್ತಿಲ್ಲ."

"ಯಾವ ಹೆಸರವ್ವ?"

ಆಕೆ ಸೆರಗನ್ನು ಬಾಯಿಗೆ ಹಿಡಿದರು. ಗಂಡನ ಹೆಸರು ಹೇಳುವಂತಿಲ್ಲ, ಓದಲೂ ಬಾರದು.

"ನಾನೇನು ಮದುವೆ ಮನೇಲಿ ಗಂಡನ ಹೆಸರಿಗೆ ಒಡಪು ಕೇಳ್ತಿದ್ದೀನಾ? ಹೇಳು ತಾಯಿ," ಎಂದರು ಶಿಲ್ಪಿ.

"ಹೇಳಿದ್ರೆ ಆಯುಸ್ಸು ಕಮ್ಮಿ ಆಗ್ತೈತಂತೆ. ಇವತ್ತಂತೂ ಹೇಳಲ್ಲ ರೀ."

ನಾನು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದೆ. ಕೆತ್ತಿ ಮುಗಿದಿದ್ದ ಮೊದಲ ಹೆಸರನ್ನು ಓದುವಾಗ ಆಕೆ ಕಣ್ಣು ಮುಚ್ಚಿದ್ದರು. ಅದಲ್ಲವೆಂದು ತಲೆಯಾಡಿಸಿ ಉಸಿರುಬಿಟ್ಟರು. ನಾಲ್ಕನೆಯದಕ್ಕೆ ಕೈ ಎತ್ತಿದರು.

ಶಿಲ್ಪಿ ಒದ್ದೆ ಬಟ್ಟೆಯನ್ನು ಆಕೆಯ ಕೈಗೇ ಕೊಟ್ಟರು. "ನೀನೇ ಒರ್ಸವ್ವ."

ಆಕೆ ಆ ಸಾಲನ್ನು ಮೂರು ಸಲ ಒರೆಸಿದರು.

ಸಂಜೆ ಐದಕ್ಕೆ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನಿಂದ ಆಕೆಯ ಪಕ್ಕದ ಮನೆಗೆ ಫೋನ್ ಮಾಡಿದೆವು. ಅಲ್ಲಿಯವರೆಗೆ ಆಕೆಯ ಗಂಡನಿಂದ ಯಾವ ಸುದ್ದಿಯೂ ಬಂದಿರಲಿಲ್ಲ.