ಕರೆಂಟು ಹೋದಾಗಿನ ಓದು

ಕೆಂಪು ನೂಲಿನ ಒಂದು ತುಂಡು, ಗೇಣುದ್ದ. ಕರೆಂಟು ಬಂದ ಕೂಡಲೇ ಗಂಗವ್ವಜ್ಜಿ ಅದನ್ನು ಪುಸ್ತಕದ ನಡುವೆ ಇಟ್ಟು, ಒಂದು ತುದಿ ಹೊರಗೆ ಕಾಣುವಂತೆ ಬಿಟ್ಟು, ಪುಸ್ತಕ ಮುಚ್ಚುತ್ತಿದ್ದಳು. ವಾಕ್ಯ ಮುಗಿದಿರಲಿ, ಬಿಡಲಿ. ಮರುಕ್ಷಣ ಶೆಡ್ಡಿನೊಳಗಿನ ಎಂಟು ಮಗ್ಗಗಳು ಒಂದರ ಹಿಂದೆ ಒಂದು ಶುರುವಾಗುತ್ತಿದ್ದವು, ನನ್ನ ದನಿ ಅದರೊಳಗೆ ಮುಳುಗಿಹೋಗುತ್ತಿತ್ತು.

ಬನಹಟ್ಟಿಯ ಓಣಿಗಳಲ್ಲಿ ಬೇಸಿಗೆ ಕಳೆದವರಿಗೆ ಆ ಸದ್ದು ಗೊತ್ತಿರುತ್ತದೆ. ಆಗೆಲ್ಲ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಎರಡು ತಾಸು ಕರೆಂಟು ಇರುತ್ತಿರಲಿಲ್ಲ. ಸದ್ದು ನಿಂತಾಗ ಕಿವಿಯೊಳಗೆ ಏನೋ ಖಾಲಿಯಾದಂತೆ ಆಗುತ್ತಿತ್ತು. ಆಮೇಲೆ ಬೇವಿನ ಮರದ ಕಾಗೆಯ ದನಿ, ಯಾರದೋ ಮನೆಯ ಕೊಡದ ದನಿ ಒಂದೊಂದಾಗಿ ಕೇಳುತ್ತಿದ್ದವು.

ನಾನು ಐದನೇ ಇಯತ್ತೆ ಮುಗಿಸಿದ ವರ್ಷವದು. ಅಪ್ಪನಿಗೆ ಬೀಳಗಿಯಲ್ಲಿ ನೌಕರಿ. ಅವ್ವ ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದಳು. ಜಮಖಂಡಿಯ ಮನೆಗೆ ಬೀಗ ಹಾಕಿ, ನನ್ನನ್ನು ಅಪ್ಪನ ಅಕ್ಕನ ಹತ್ತಿರ ಬಿಟ್ಟರು. ಅತ್ತೆ ಮನೆಯೆದುರಿನ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗಳಿಗೆ ನೂಲು ತುಂಬುವ ಕೆಲಸ ಅದು. ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಓಣಿಯ ಹುಡುಗಿಯರು ಗಜ್ಜುಗ ಆಡುವಲ್ಲಿ ಹೋಗಿ ನಿಂತರೆ, "ಏನಂದಿ? ಕೇಳವಲ್ದು!" ಎನ್ನುತ್ತಿದ್ದರು. ನನ್ನ ದನಿ ಮೊದಲೇ ಸಣ್ಣದು. ಮೂರು ಸಲ ಹೇಳಿದ ಮೇಲೆ ಹೇಳಬೇಕಾದದ್ದು ನನಗೇ ಬೇಡವಾಗುತ್ತಿತ್ತು. ನಾಲ್ಕನೇ ದಿನಕ್ಕೆ ನನಗೆ 'ಜಮಖಂಡಿ ಮೂಗಿ' ಎಂದು ಹೆಸರಾಯಿತು.

ಶೆಡ್ಡಿನೊಳಗೆ ಮಾತ್ರ ಯಾರಿಗೂ ದನಿ ಬೇಕಾಗಿರಲಿಲ್ಲ. ಮಗ್ಗ ನಡೆಯುವಾಗ ಕೂಗಿ ಉಪಯೋಗವಿಲ್ಲವೆಂದು ಎಲ್ಲರೂ ತುಟಿ ಆಡಿಸಿ ಮಾತಾಡುತ್ತಿದ್ದರು. ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ಕಸ್ತೂರಕ್ಕ ಇದರಲ್ಲಿ ಎಲ್ಲರಿಗಿಂತ ಚುರುಕು. ಶೆಡ್ಡಿನ ಆ ತುದಿಯಿಂದ ಅತ್ತೆಯ ತುಟಿ ನೋಡಿ ಇವತ್ತೇನು ಪಲ್ಯ ಎಂದು ತಿಳಿದುಕೊಳ್ಳುತ್ತಿದ್ದಳು. 'ಮತ್ತ ಬದನಿಕಾಯೇನ?' ಎಂದು ಮುಖ ಸಿಂಡರಿಸುತ್ತಿದ್ದಳು. ಅವಳಿಗೆ ಇಪ್ಪತ್ತಾರು ಇರಬೇಕು. ಅವಳ ಕೂದಲ ಮೇಲೆ ಯಾವಾಗಲೂ ಹತ್ತಿಯ ಸಣ್ಣ ಧೂಳು ಕೂತಿರುತ್ತಿತ್ತು. ಹತ್ತಿರ ಹೋದರೆ ಗಂಜಿಯ ಮತ್ತು ಮಗ್ಗದ ಎಣ್ಣೆಯ ವಾಸನೆ.

ಅವ್ವ ನನ್ನ ಚೀಲದಲ್ಲಿ ತನ್ನದೊಂದು ದಪ್ಪ ಕಾದಂಬರಿ ಇಟ್ಟಿದ್ದಳು, ಹಳೇ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ್ದು. ಮಕ್ಕಳದಲ್ಲ. ಒಂದು ಮಧ್ಯಾಹ್ನ ಕರೆಂಟು ಹೋದಾಗ ಬೇವಿನ ಮರದ ಕಟ್ಟೆಯ ಮೇಲೆ ಅದನ್ನು ಓದುತ್ತ ಕೂತಿದ್ದೆ. ಹೆಂಗಸರು ಹೊರಗೆ ಬಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಚುರುಮುರಿಯ ಗಂಟು ಬಿಚ್ಚಿದರು. ಎಲ್ಲರಿಗಿಂತ ಹಿರಿಯಳಾದ ಗಂಗವ್ವಜ್ಜಿ ನನ್ನನ್ನು ನೋಡಿದಳು.

"ಏನ್ ಜಪಾ ಮಾಡಾಕತ್ತಿ ಬೇ ತಂಗಿ? ತುಟಿ ಪಟಪಟ ಅನ್ನಾಕತ್ತಾವಲ್ಲ."

ಮನಸ್ಸಿನಲ್ಲಿ ಓದಿಕೊಳ್ಳುವಾಗಲೂ ತುಟಿ ಆಡಿಸುವುದು ನನ್ನ ಚಾಳಿ. ಸಾಲೆಯಲ್ಲಿ ಬೈಸಿಕೊಂಡಿದ್ದೆ.

"ಗಟ್ಟಿಯಾಗಿ ಓದು. ನಮ್ಮ ಕಿವಿನೂ ಖಾಲಿ ಅದಾವ," ಅಂದಳು ಅಜ್ಜಿ.

ಓದಿದೆ. ಸುತ್ತ ಸದ್ದಿರಲಿಲ್ಲ, ನನ್ನ ದನಿ ಸಾಕಾಯಿತು.

ಸುಶೀಲಾ ಎಂಬುವಳ ಕಥೆ ಅದು. ಗಂಡ ಮಾಧವ ನಾಲ್ಕು ತಿಂಗಳಲ್ಲಿ ಬರುತ್ತೇನೆಂದು ಪಟ್ಟಣಕ್ಕೆ ಹೋಗಿದ್ದಾನೆ. ಅವಳು ದಿನಾ ಊಟದ ಹೊತ್ತಿಗೆ ಎರಡು ತಟ್ಟೆ ಇಡುತ್ತಾಳೆ. ಎರಡನೆಯದನ್ನು ಹಾಗೇ ತೊಳೆದಿಡುತ್ತಾಳೆ. ಕಥೆ ಒಂದು ಪುಟ ನಡೆದರೆ ಕಟ್ಟೆಯ ಮೇಲಿನ ಅಭಿಪ್ರಾಯಗಳು ಎರಡು ಪುಟದಷ್ಟಾಗುತ್ತಿದ್ದವು.

"ಈ ಮಂದಿ ದಿನಕ್ಕ ಎಷ್ಟ ಸಲ ಕಾಫಿ ಕುಡೀತಾರ? ನಾ ಎಣಿಸೇನಿ, ಇದು ಆರನೇದು," ಅಂದಳು ಅತ್ತೆ.

"ಕುಡೀಲಾರದ ಏನ್ ಮಾಡತಾರ? ರೊಟ್ಟಿ ಬಡಿಯೂದಿಲ್ಲ, ಕಂಡಿಕಿ ಸುತ್ತೂದಿಲ್ಲ," ಎಂದಳು ಗಂಗವ್ವಜ್ಜಿ. "ಆ ಸುಶೀಲಾಗ ಎರಡ ಮಗ್ಗ ಕೊಡ್ರಿ. ಆಮ್ಯಾಲ ಹೆಂಗ ಅಳತಾಳ ನೋಡೂಣು."

ಎಲ್ಲರೂ ನಕ್ಕರು. ಕಸ್ತೂರಕ್ಕನೂ ನಕ್ಕಳು. ನಕ್ಕು, "ಎರಡ ಮಗ್ಗ ನಡಿಸಿಕೋತನೂ ಅಳಬಹುದಜ್ಜಿ. ಯಾರಿಗೂ ಕೇಳಂಗಿಲ್ಲ, ಅಷ್ಟ," ಅಂದಳು.

ಅತ್ತೆ ಅವಸರದಿಂದ, "ಬರತಾನ ಬಿಡು ಆ ಮಾಧವ. ಎಲ್ಲಿ ಹೋಗತಾನ?" ಅಂದಳು.

ಸಂಜೆ ಹಿಟ್ಟು ನಾದುತ್ತ ಅತ್ತೆ ನನಗೆ ಹೇಳಿದಳು. ಕಸ್ತೂರಿಯ ಗಂಡ ಇಚಲಕರಂಜಿಯ ಮಗ್ಗಗಳಲ್ಲಿ ಕೆಲಸ ನೋಡುತ್ತೇನೆಂದು ಹೋಗಿ ಎರಡು ವರ್ಷವಾಗಿತ್ತು. ಮೊದಲು ಫೋನು ಬರುತ್ತಿತ್ತು, ಆಮೇಲೆ ಅದೂ ಇಲ್ಲ. "ಆಕಿ ಮುಂದ ಏನೂ ಕೇಳಬ್ಯಾಡ ಮತ್ತ," ಎಂದಳು ಅತ್ತೆ. ಆದರೆ ಓಣಿಯವರು ಅವಳ ಮುಂದೆ ಹೇಳುವುದನ್ನು ನಾನು ಕೇಳಿದ್ದೆ. ಪಂಚಮಿಗೆ ಬರತಾನ. ದೀಪಾವಳಿಗೆ ಬಂದೇ ಬರತಾನ. ಅವಳು "ಹೂಂ" ಎನ್ನುತ್ತಿದ್ದಳು.

ಅವಳೇ ಒಂದು ದಿನ ಓದಿನ ನಡುವೆ ನನ್ನ ಕಡೆ ತಿರುಗಿ ಕೇಳಿದಳು. "ಎಲ್ಲಾರೂ ಹೇಳಿದ್ರು. ಓದಾಕಿಗಿ ಏನ್ ಅನಸತೈತಿ?"

ಅದುವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬಹಳ ಹೊತ್ತು ಯೋಚಿಸಿ ಹೇಳಿದೆ. "ಮಾಧವ ಚಂದ ಮಾತಾಡತಾನ. ಆದ್ರ ಆಕಿ ಮಾತಾಡೂಮುಂದ ಕಿಡಕಿ ಹೊರಗ ನೋಡತಾನ."

ಗಂಗವ್ವಜ್ಜಿ ಚುರುಮುರಿ ಬಾಯಿಗೆ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. "ಮೂಗಿ ಅಂತಾರಲ್ಲೇ ಇದಕ್ಕ? ಇದು ಬರೇ ಕಣ್ಣ ಐತಿ."

ಕಸ್ತೂರಕ್ಕ ತನ್ನ ಪಾಲಿನ ಸೌತೆಕಾಯಿಯ ಅರ್ಧ ಮುರಿದು ನನಗೆ ಕೊಟ್ಟಳು.

ಅಲ್ಲಿಂದ ನಾನು ಬೆಳಿಗ್ಗೆಯಿಂದಲೇ ಕರೆಂಟು ಹೋಗುವುದನ್ನು ಕಾಯತೊಡಗಿದೆ. ಮಗ್ಗ ನಿಂತಷ್ಟು ಹೊತ್ತು ಅವರಿಗೆ ಬಟ್ಟೆ ಇಳಿಯುವುದಿಲ್ಲ, ಕೂಲಿಯೂ ಇಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ಕಾಯುತ್ತಿದ್ದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಅಜ್ಜಿಯದು ಒಂದೇ ಕಟ್ಟಳೆ. "ಮುಂದಿಂದು ಒಬ್ಬಾಕೀನ ಓದಬ್ಯಾಡ. ಎಲ್ಲಾರೂ ಕೂಡಿ ಉಣ್ಣೂದು." ಪುಸ್ತಕ ಶೆಡ್ಡಿನ ಬಾಗಿಲ ಪಕ್ಕದ ಮಾಡದಲ್ಲಿರುತ್ತಿತ್ತು, ಕೆಂಪು ನೂಲು ಹೊರಗೆ ಚಾಚಿಕೊಂಡು. ನಾನು ಕಟ್ಟಳೆ ಮುರಿದದ್ದು ಅಪ್ಪ ನನ್ನನ್ನು ಕರೆದೊಯ್ಯಲು ಬರುವುದಕ್ಕೆ ನಾಲ್ಕು ದಿನ ಮೊದಲು. ಇನ್ನೂ ಮೂವತ್ತು ಪುಟ ಉಳಿದಿತ್ತು. ಮುಗಿಯದೆ ಹೋದರೆ ಎಂಬ ಹೆದರಿಕೆ. ಬೆಳಿಗ್ಗೆ ಎಲ್ಲ ಮಗ್ಗ ನಡೆಯುತ್ತಿದ್ದಾಗ ಪುಸ್ತಕ ತೆಗೆದುಕೊಂಡು, ಕಸ್ತೂರಕ್ಕನ ಮಗ್ಗಗಳ ಎದುರು ನೂಲಿನ ಚೀಲಗಳ ಮೇಲೆ ಕೂತು ಓದಿದೆ.

ಸುಶೀಲಾಗೆ ಪತ್ರ ಬಂತು. ಮಾಧವ ಪಟ್ಟಣದಲ್ಲಿ ಬೇರೆ ಸಂಸಾರ ಹೂಡಿದ್ದ. ಬರುವುದಿಲ್ಲ.

ತಲೆ ಎತ್ತಿದೆ. ಕಸ್ತೂರಕ್ಕ ಒಂದು ಮಗ್ಗ ನಿಲ್ಲಿಸಿ, ಹರಿದ ಎಳೆಯನ್ನು ಗಂಟು ಹಾಕುತ್ತ ನನಗೆ ಬೆನ್ನು ಮಾಡಿ ಬಗ್ಗಿದ್ದಳು. ಉಳಿದದ್ದನ್ನೂ ಓದಿ, ನೂಲನ್ನು ಮೊದಲಿದ್ದ ಪುಟಕ್ಕೇ ಸೇರಿಸಿ ಪುಸ್ತಕ ಇಟ್ಟುಬಿಟ್ಟೆ.

ಮುಂದಿನ ದಿನಗಳಲ್ಲಿ ಕಟ್ಟೆಯ ಮೇಲೆ ಅವರು ಹಾಗಾಗುತ್ತದೆ, ಹೀಗಾಗುತ್ತದೆ ಎಂದು ಜಗಳಾಡುವಾಗ ನನಗೆ ಹೇಳಲು ಏನೂ ಇರುತ್ತಿರಲಿಲ್ಲ. ಅವರ ನಡುವೆಯೇ ಕೂತಿದ್ದೆ, ಆದರೆ ಅವರು ಇನ್ನೂ ಮುಟ್ಟದ ಪುಟದಲ್ಲಿ ಒಬ್ಬಳೇ ಇದ್ದೆ.

ಕೊನೆಯ ಮಧ್ಯಾಹ್ನ ಬಂತು. ಪತ್ರದ ಪುಟ ಬಂದಾಗ ಕಸ್ತೂರಕ್ಕ ಮೊಣಕಾಲಿಗೆ ಗದ್ದ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಕಣ್ಣು ಅಕ್ಷರದ ಮೇಲಿತ್ತು, ಬಾಯಿ ಬೇರೆಯದನ್ನೇ ಹೇಳಿತು. ಬಾಗಿಲ ಸದ್ದಾಯಿತು ಎಂದೆ. ಮಾಧವ ಪೆಟ್ಟಿಗೆ ಹಿಡಿದು ನಿಂತಿದ್ದ ಎಂದೆ. ಸುಶೀಲಾ ಎರಡನೇ ತಟ್ಟೆಗೆ ಅನ್ನ ಬಡಿಸಿದಳು ಎಂದೆ. ಪುಸ್ತಕ ಮುಚ್ಚಿದೆ.

"ನಾ ಹೇಳಿರಲಿಲ್ಲ? ಬಂದ ನೋಡು!" ಅತ್ತೆ ಕೈ ತಟ್ಟಿದಳು.

ಗಂಗವ್ವಜ್ಜಿಗೆ ಒಪ್ಪಿಗೆಯಾಗಲಿಲ್ಲ. "ಬಂದ? ಹಂಗ ಬಂದ? ಇಷ್ಟ ದಿನಾ ಎಲ್ಲಿ ಸತ್ತಿದ್ದಿ ಅಂತ ಒಂದ ಮಾತ ಕೇಳಲಿಲ್ಲ ಆಕಿ? ಇಷ್ಟ ಚಂದ ನಡಿಸಿಕೊಂಡ ಬಂದು ಕಡೀಕ ಪುಸ್ತಕ ಬರದಾಂವಗ ಬ್ಯಾಸರ ಬಂದಿರಬೇಕು."

ನಗುತ್ತ ಎಲ್ಲರೂ ನೀರು ಕುಡಿಯಲು ಎದ್ದರು. ಕಸ್ತೂರಕ್ಕ ಏಳಲಿಲ್ಲ.

"ಪತ್ರ ಎಲ್ಲಿ ಹೋತು?" ಅಂದಳು.

"ಯಾವ ಪತ್ರ?"

"ಅವತ್ತ ಮುಂಜಾನಿ ಚೀಲದ ಮ್ಯಾಲ ಕುಂತು ಓದಿದಿ ಅಲ್ಲ? ಮಾಧವ ಬ್ಯಾರೆ ಸಂಸಾರ ಮಾಡ್ಯಾನಂತ. ನಿನ್ನ ತುಟಿ ನನ್ನ ಎದುರಿಗೇ ಇದ್ದೂವು."

ನನ್ನ ಕಿವಿ ಬಿಸಿಯಾದವು.

"ಬರತಾನ ಅಂತ ಹೇಳಾಕ ಈ ಓಣ್ಯಾಗ ಮಂದಿ ಏನ್ ಕಡಿಮಿ ಅದಾರ ತಂಗಿ? ನೀನೂ ಬೇಕಾಗಿತ್ತ?" ಅವಳ ದನಿಯಲ್ಲಿ ಸಿಟ್ಟಿತ್ತು, ಆದರೆ ಏರಿರಲಿಲ್ಲ. "ಪುಸ್ತಕ ಒಂದ ಖರೆ ಹೇಳತಿತ್ತು. ಅದರ ಬಾಯಿನೂ ಮುಚ್ಚಿದಿ."

ಆಮೇಲೆ ಅವಳೇ ಕೇಳಿದಳು. "ಪತ್ರ ಬಂದಿಂದ ಆಕಿ ಏನ್ ಮಾಡಿದ್ಳು? ಅಷ್ಟರಾಗ ನನ್ನ ಎಳಿ ಹರೀತು, ನೋಡಾಕ ಆಗಲಿಲ್ಲ. ಮೂರ ದಿನದಿಂದ ಅದನ್ನ ಕಾಯಾಕತ್ತೇನಿ."

ನಾನು ಬಾಯಿ ತೆರೆದೆ. ಕರೆಂಟು ಬಂತು. ಮಗ್ಗಗಳು ಶುರುವಾದವು. ಅವಳು ಎದ್ದು ಒಳಗೆ ಹೋದಳು. ನನಗೆ ನಾಚಿಕೆಯಾಗಿ ಮನೆಗೆ ಓಡಿಬಂದೆ. ಆ ಸಂಜೆ ಹೊರಗೆ ಬರಲೇ ಇಲ್ಲ.

ಈಗ ಜಮಖಂಡಿಯಲ್ಲೇ ಇದ್ದೇನೆ. ಓದುವವರದೊಂದು ಗುಂಪು ಫೋನಿನಲ್ಲಿದೆ. ಪ್ರತಿ ಭಾನುವಾರ 'ಈಗ ಏನು ಓದುತ್ತಿದ್ದೀರಿ?' ಎಂದು ಯಾರಾದರೂ ಕೇಳುತ್ತಾರೆ. ರಕ್ಷಾಪುಟಗಳ ಚಿತ್ರಗಳು ಬರುತ್ತವೆ. 'ಅದ್ಭುತ', 'ಓದಲೇಬೇಕು', ಕೈ ಮುಗಿದ ಗುರುತುಗಳು. ನಾನು ಎರಡು ಸಾಲು ಬರೆಯುತ್ತೇನೆ, ಓದಿಕೊಳ್ಳುತ್ತೇನೆ, ಅಳಿಸುತ್ತೇನೆ. ಅವರಲ್ಲಿ ಒಳ್ಳೆಯ ಓದುಗರಿದ್ದಾರೆ, ಅವರದೇನೂ ತಪ್ಪಿಲ್ಲ. ಆದರೆ ಒಂದು ಪುಟ ತಿರುವಿದ ಮೇಲೆ ಏನಾಯಿತೆಂಬುದು ತನಗೆ ಬೇಕೇ ಬೇಕು ಎಂಬಂತೆ ಕೇಳುವವರು ಅಲ್ಲಿಲ್ಲ. ಬನಹಟ್ಟಿಯಲ್ಲಿ ಆ ಬೇವಿನ ಮರ ಈಗಿಲ್ಲ, ಗಂಗವ್ವಜ್ಜಿಯೂ ಇಲ್ಲ. ಕರೆಂಟು ಮೊದಲಿನ ಹಾಗೆ ಹೋಗುವುದಿಲ್ಲ. ಕಸ್ತೂರಕ್ಕ ತವರಿನ ಕಡೆ ಹೋದಳೆಂದು ಅತ್ತೆ ಒಮ್ಮೆ ಹೇಳಿದ್ದಳು. ಯಾವ ಊರೆಂದು ನಾನು ಆಗ ಕೇಳಲಿಲ್ಲ, ಈಗ ಅತ್ತೆಗೆ ನೆನಪಿಲ್ಲ. ಪುಸ್ತಕ ನನ್ನ ಹತ್ತಿರವೇ ಇದೆ. ಕೆಂಪು ನೂಲು ಬಿಳಿಚಿಕೊಂಡಿದೆ.

ಬನಹಟ್ಟಿಯಲ್ಲಿ ಹಾಗೆ ಓಡಿಬಂದ ಮರುದಿನ ಬೆಳಿಗ್ಗೆ ಅಪ್ಪ ಬಂದು ಅತ್ತೆಯ ಜೊತೆ ಚಹಾ ಕುಡಿಯುತ್ತಿದ್ದಾಗ ನಾನು ಪುಸ್ತಕ ಹಿಡಿದು ಶೆಡ್ಡಿಗೆ ಹೋದೆ. ಎಂಟೂ ಮಗ್ಗಗಳು ನಡೆಯುತ್ತಿದ್ದವು. ಕಸ್ತೂರಕ್ಕನ ಎದುರು, ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ನಿಂತು, ಕೊನೆಯ ಪುಟ ತೆಗೆದು ದನಿಯಿಲ್ಲದೆ ಓದತೊಡಗಿದೆ. ಒಂದೊಂದೇ ಶಬ್ದ, ತುಟಿ ಪೂರ್ತಿ ತೆರೆದು. ಸುಶೀಲಾ ಪತ್ರ ಮಡಚಿಟ್ಟಳು. ಒಲೆ ಹೊತ್ತಿಸಿದಳು. ಒಂದು ತಟ್ಟೆ ಇಟ್ಟಳು. ಕಸ್ತೂರಕ್ಕನ ಕೈ ಮಗ್ಗದ ಮೇಲಿತ್ತು, ಕಣ್ಣು ನನ್ನ ಬಾಯಿಯ ಮೇಲಿತ್ತು. ಕೊನೆಯ ಸಾಲಿಗೆ ಬಂದಾಗ ಅವಳ ಎಳೆ ಹರಿಯಿತು. ಅವಳು ಮಗ್ಗ ನಿಲ್ಲಿಸಿದಳು, ಆದರೆ ಎಳೆಯ ಕಡೆ ತಿರುಗಲಿಲ್ಲ. ಹೊಟ್ಟೆ ತುಂಬ ಉಂಡಳು, ಎಂದು ನಾನು ಓದಿ ಮುಗಿಸಿದೆ.