ಅರಳೆ ಕೋಣೆಯ ಸಿಪಾಯಿ

ನಮ್ಮ ಸಾಹುಕಾರ ಕೊಟ್ರಬಸಪ್ಪನವರ ಕಚೇರಿಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ ಒಂದು ಸನದು ಇದೆ. ಯುದ್ಧದಿಂದ ಮರಳಿದ ನಾಲ್ವರು ಸಿಪಾಯಿಗಳಿಗೆ ಕೆಲಸ ಕೊಟ್ಟು ಗೌರವದಿಂದ ನಡೆಸಿಕೊಂಡಿದ್ದಕ್ಕೆ ಸಿಕ್ಕ ಮೆಚ್ಚುಗೆ ಪತ್ರ ಅದು. ಅದಕ್ಕೆ ಅರ್ಜಿ ಬರೆದವನು ನಾನೇ, ಕೊಪ್ಪಳದ ಈ ಹತ್ತಿ ಜಿನ್ನಿನ ಮುನಶಿ ಅಮರಪ್ಪ. ಅಕ್ಷರ ಮುತ್ತಿನ ಹಾಗಿದೆ ಎಂದು ಎಲ್ಲರೂ ಹೊಗಳಿದರು. ಅಕ್ಷರಕ್ಕೇನು, ಯಾರು ಬೇಕಾದರೂ ದುಂಡಗೆ ಬರೆಯಬಹುದು.

ಆ ನಾಲ್ವರಲ್ಲಿ ಹುಲಿಗೆಪ್ಪ ಒಬ್ಬ. ಹಿಟ್ನಾಳದಲ್ಲಿ ಕುರಿ ಕಾಯುತ್ತಿದ್ದವನು ಬಳ್ಳಾರಿಗೆ ಹೋಗಿ ಪಲ್ಟನ್ ಸೇರಿದ, ಅಲ್ಲಿಂದ ಬರ್ಮಾಕ್ಕೆ ಹೋದ. ಮೂರು ವರ್ಷ ಅಲ್ಲಿ ಏನು ಕಂಡನೋ ಯಾರಿಗೂ ಹೇಳಲಿಲ್ಲ. ನಲವತ್ತಾರರ ಹತ್ತಿ ಸುಗ್ಗಿಯಲ್ಲಿ ನಮ್ಮಲ್ಲಿಗೆ ಬಂದಾಗ ಮೈಮೇಲೊಂದು ಹಳೆಯ ಖಾಕಿ ಕೋಟು, ಕೈಯಲ್ಲೊಂದು ತಗಡಿನ ಮಗ್ಗು. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಒಂದೇ ಮಾತು.

ನಮ್ಮ ಜಿನ್ನಿನ ಭೋಂಗಾ, ಅಂದರೆ ಪಾಳಿಯ ಸೈರನ್ನು, ದಿನಕ್ಕೆ ಮೂರು ಸಲ ಕೂಗುತ್ತದೆ. ಊರಿನವರು ಅದನ್ನು ಕೇಳಿಯೇ ಒಲೆ ಹಚ್ಚುತ್ತಾರೆ, ಒಲೆ ಆರಿಸುತ್ತಾರೆ. ಹುಲಿಗೆಪ್ಪ ಬಂದ ಮೊದಲ ದಿನ ಮಧ್ಯಾಹ್ನ ಭೋಂಗಾ ಕೂಗಿತು. ಪಕ್ಕದಲ್ಲಿ ಬುಟ್ಟಿ ಹೊತ್ತು ಹೋಗುತ್ತಿದ್ದ ಕರಿಯವ್ವನನ್ನು ಇವನು ಒಮ್ಮೆಲೇ ನೆಲಕ್ಕೆ ಕೆಡವಿ ಅವಳ ಮೇಲೆ ಬೋರಲು ಬಿದ್ದ. ಕರಿಯವ್ವ ಹತ್ತಿ ಆರಿಸುವ ಹೆಂಗಸರ ಮುಖ್ಯಸ್ಥೆ, ಐವತ್ತು ದಾಟಿದವಳು, ಬಾಯಿ ಜೋರು. ಇನ್ನು ಇವನ ಕಥೆ ಮುಗಿಯಿತು ಎಂದುಕೊಂಡೆ. ಅವಳು ಸೀರೆ ಕೊಡವಿಕೊಂಡು ನನ್ನ ಹತ್ತಿರ ಬಂದಳು.

"ಯಾರೂ ಏನೂ ಅನಬ್ಯಾಡ್ರಿ ಮುನಶೇರ. ಎರಡೂ ಕೈ ನನ್ನ ತಲಿ ಮ್ಯಾಲ ಇಟ್ಟಿದ್ದ. ಮ್ಯಾಲಿಂದ ಏನೋ ಬೀಳತೈತಿ ಅಂತ ನನ್ನ ಕಾಯಾಕ ಹತ್ತಿದ್ದ."

ಅಂದಿನಿಂದ ಅವಳೇ ಅವನಿಗೊಂದು ಕೆಲಸ ಹುಡುಕಿದಳು. ಬೀಜ ಬಿಡಿಸಿದ ಅರಳೆಯನ್ನು ತುಂಬುವ ಕೋಣೆ ನಮ್ಮಲ್ಲಿದೆ. ದಪ್ಪ ಗೋಡೆ, ನೆಲದಿಂದ ಎದೆಮಟ್ಟ ಅರಳೆ. ಒಳಗೆ ನಿಂತರೆ ಭೋಂಗಾ ಎಲ್ಲೋ ಮೂರು ಊರಾಚೆ ಕೂಗಿದ ಹಾಗೆ ಕೇಳುತ್ತದೆ. ಅರಳೆ ತುಳಿಯುವುದು ಹೆಂಗಸರ ಕೆಲಸ. ಹುಲಿಗೆಪ್ಪ ಅವರ ನಡುವೆ ನಿಂತು ತುಳಿದ. ಭೋಂಗಾದ ಹೊತ್ತಿಗೆ ಅರಳೆಯಲ್ಲಿ ಕುತ್ತಿಗೆಯವರೆಗೆ ಹುದುಗಿ ಕುಳಿತಿರುತ್ತಿದ್ದ. ಆಮೇಲೆ ಎದ್ದು ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದ. ಹತ್ತು ತಿಂಗಳು ಹೀಗೇ ಸಾಗಿತು. ಒಂದು ದಿನ ಅವನು ನಕ್ಕನಂತೆ, ಕರಿಯವ್ವ ಹೇಳಿದಳು. ನಾನು ನೋಡಲಿಲ್ಲ.

ಸನದಿನ ಅರ್ಜಿ ಹೋದ ಮೇಲೆ ತಪಾಸಣೆಗೆ ಸರ್ಕಾರದ ಒಬ್ಬ ಸಾಹೇಬರು ಬಂದರು. ಉಳಿದ ಮೂವರು ಖಾಕಿ ತೊಟ್ಟು ಗೇಟಿನಲ್ಲಿ ಸಲಾಮು ಹೊಡೆದರು. ನಾಲ್ಕನೆಯವನೆಲ್ಲಿ ಎಂದರೆ ಅರಳೆ ಕೋಣೆಯಲ್ಲಿ, ಮೀಸೆಗೆಲ್ಲ ಹತ್ತಿ ಮೆತ್ತಿಕೊಂಡು ಹೆಂಗಸರ ನಡುವೆ. ಸರ್ಕಾರದ ಸಿಪಾಯಿಗೆ ಇದೇನಾ ನೀವು ಕೊಡುವ ಇಜ್ಜತ್ತು ಎಂದು ಸಾಹೇಬರು ಕೇಳಿದರು. ಸಾಹುಕಾರರ ಮುಖ ಸಣ್ಣದಾಯಿತು.

"ಅಮರಪ್ಪ, ನಾಳಿಂದ ಅವ ಗೇಟಿನಾಗ ಇರಬೇಕು ನೋಡು," ಎಂದರು. ಸಾಹುಕಾರರು ಕೆಟ್ಟವರಲ್ಲ. ಅವನಿಗೆ ಹೊಸ ಖಾಕಿ ಹೊಲಿಸಿದರು, ರುಮಾಲಿಗೆ ಜರಿ ಹಾಕಿಸಿದರು. ಬಡ್ತಿ ಕೊಟ್ಟೆವೆಂದೇ ತಿಳಿದಿದ್ದರು.

ಗೇಟಿಗೆ ಹೋದ ಮೇಲೂ ಭೋಂಗಾದ ಹೊತ್ತಿಗೆ ಹುಲಿಗೆಪ್ಪ ಅರಳೆ ಕೋಣೆಗೆ ಓಡಿ ಹೋಗಿ ಬರುತ್ತಿದ್ದ. ನಾನು ಕಂಡೂ ಕಾಣದ ಹಾಗೆ ಇದ್ದೆ. ಅಷ್ಟು ಮಾಡಿದ್ದೇ ದೊಡ್ಡ ಉಪಕಾರ ಎಂದು ಬೀಗುತ್ತಿದ್ದೆ ಕೂಡ.

ಸನದು ಕೊಡುವ ದಿನ ಸಾಹುಕಾರರಿಗೆ ಒಂದು ಹುಕಿ ಬಂತು. ಸನದು ತಮ್ಮ ಕೈ ಮುಟ್ಟಿದ ಕೂಡಲೆ ಭೋಂಗಾ ಹೊಡೆಯಬೇಕು, ಊರಿಗೆಲ್ಲ ಗೊತ್ತಾಗಬೇಕು. ಕರಿಯವ್ವನಿಗೆ ಸುದ್ದಿ ಮುಟ್ಟಿತು.

"ಹೊತ್ತಲ್ಲದ ಹೊತ್ತಿನ್ಯಾಗ ಕೂಗಿದ್ರ ಅವ ತಡಕೊಳ್ಳಂಗಿಲ್ರಿ. ಒಂದು ಮಾತು ಹೇಳ್ರಿ ಸಾವ್ಕಾರ್ರಿಗೆ. ನಿಮ್ಮ ಮಾತು ಕೇಳ್ತಾರ."

ಹೋದೆ. ಸಾಹುಕಾರರು ಕನ್ನಡಿಯ ಮುಂದೆ ರುಮಾಲು ಸುತ್ತಿಕೊಳ್ಳುತ್ತಿದ್ದರು. ಅಷ್ಟು ಖುಷಿಯಾಗಿ ಅವರನ್ನು ನಾನು ನೋಡಿರಲಿಲ್ಲ.

"ಏನೋ ಅಮರಪ್ಪ?"

"ಏನಿಲ್ರಿ. ಕುರ್ಚಿ ಎಲ್ಲಿ ಹಾಕಸ್ಲಿ ಅಂತ ಕೇಳಾಕ ಬಂದೆ," ಎಂದೆ.

ಕುರ್ಚಿಗಳನ್ನು ಗೇಟಿನ ಹತ್ತಿರವೇ ಹಾಕಿಸಿದರು. ಸಾಹೇಬರು ಸನದು ಓದಿದರು. ಸಾಹುಕಾರರು ಎರಡೂ ಕೈ ಚಾಚಿದರು. ಭೋಂಗಾ ಕೂಗಿತು. ಹುಲಿಗೆಪ್ಪ ಸಿಪಾಯಿಗಳ ಸಾಲಿನಿಂದ ಹಾರಿ ಸಾಹುಕಾರರನ್ನು ಕೆಡವಿ, ಅವರ ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿ, ಅವರ ಮೇಲೆ ಬಿದ್ದ. ಅವನು ಸಾಹುಕಾರರನ್ನು ಕೊಲ್ಲುತ್ತಿದ್ದಾನೆಂದು ಜನ ತಿಳಿದು ಅವನ ಬೆನ್ನಿಗೆ ಒದ್ದರು, ಬಡಿಗೆಯಿಂದ ಹೊಡೆದರು. ಉಳಿದ ಮೂವರು ಸಿಪಾಯಿಗಳು ನೆಲ ನೋಡುತ್ತ ಸಾಲಿನಲ್ಲೇ ನಿಂತಿದ್ದರು. ಕರಿಯವ್ವ ಒಬ್ಬಳೇ ಕೂಗುತ್ತಿದ್ದಳು.

"ಹೊಡಿಬ್ಯಾಡ್ರೋ! ಕಾಯಾಕ ಹತ್ಯಾನ್ರೋ ಅವ, ಕಾಯಾಕ ಹತ್ಯಾನ!"

ಭೋಂಗಾದ ಸದ್ದಿನಲ್ಲಿ ಅವಳ ಮಾತು ಯಾರಿಗೂ ಕೇಳಲಿಲ್ಲ. ನನಗೆ ಕೇಳಿಸಿತು. ಎಷ್ಟು ಹೊಡೆದರೂ ಅವನು ಸಾಹುಕಾರರ ತಲೆಯ ಮೇಲಿನ ಕೈ ತೆಗೆಯಲಿಲ್ಲ. ಭೋಂಗಾ ನಿಂತ ಮೇಲೆ ತಾನಾಗಿ ಎದ್ದ. ಸಾಹುಕಾರರಿಗೆ ಸಲಾಮು ಹೊಡೆದ. ಆಗ ನನಗೆ ಏನನ್ನಿಸಿತು ಎಂದು ಕೇಳಿದರೆ, ಏನೂ ಅನ್ನಿಸಲಿಲ್ಲ. ಬಿದ್ದ ಕುರ್ಚಿಗಳನ್ನು ಎತ್ತಿ ನಿಲ್ಲಿಸಿದೆ.

ಸಾಹೇಬರು ಧೂಳು ಕೊಡವಿ ಸನದು ಕೊಟ್ಟೇ ಹೋದರು. ಹುಲಿಗೆಪ್ಪನನ್ನು ಅಂದೇ ತೆಗೆದರು. ಹೊಸ ಖಾಕಿಯನ್ನು ಮಡಿಚಿ ಗೇಟಿನಲ್ಲಿಟ್ಟು, ಹಳೆಯ ಕೋಟು ತೊಟ್ಟು, ಮಗ್ಗು ಹಿಡಿದುಕೊಂಡು ಹೋದ. ಎಲ್ಲಿಗೆಂದು ಯಾರೂ ಕೇಳಲಿಲ್ಲ.

ಮರುದಿನ ಕರಿಯವ್ವ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಅವನ್ನ ಯಾಕ ತೆಗದ್ರಿ ಅಂತ ಬರದೀರಿ?"

"ಮಾಲಕರ ಮ್ಯಾಲ ಕೈ ಮಾಡಿದ ಅಂತ."

ಅವಳು ಬಯ್ಯುತ್ತಾಳೆಂದು ಕಾದೆ. ಬುಟ್ಟಿ ಎತ್ತಿಕೊಂಡು ಅರಳೆ ಕೋಣೆಗೆ ಹೋದಳು. ಮಧ್ಯಾಹ್ನದ ಭೋಂಗಾ ಕೂಗಿತು. ಎರಡು ಕೈ ನನ್ನ ತಲೆಯ ಮೇಲೆ ಹೋಗಿದ್ದವು, ನನ್ನವೇ. ಯಾರೂ ನೋಡಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಕೆಳಗಿಳಿಸಿದೆ.