ಚಂದ್ರಿಕಕ್ಕನ ಲೈಬ್ರರಿಯಲ್ಲಿ ತಿದ್ದಿದ ಕಾಫಿ ತೋಟ

ಮಲೆನಾಡಿನ ಬೆಳಗೋಡು ಕಡೆಯ ಒಂದು ಪಂಚಾಯಿತಿಯ ಲೈಬ್ರರಿ ನೋಡಿಕೊಳ್ಳುವ ಚಂದ್ರಿಕಾಗೆ ಮೂಗಿನ ತುದಿಯಲ್ಲೇ ಕೋಪ. ಪುಸ್ತಕದ ಮೂಲೆ ಮಡಚಿದರೆ ಸಾಕು, ಎದುರಿಗಿರುವವರು ಮೆಂಬರೋ ಮಗುವೋ ಎಂದು ನೋಡುವವಳಲ್ಲ. ಪಂಚಾಯಿತಿ ಅಧ್ಯಕ್ಷ ತಿಮ್ಮಯ್ಯನವರೇ ಪೇಪರಿನ ಮೇಲೆ ಟೀ ಲೋಟ ಇಟ್ಟು ಬೈಸಿಕೊಂಡಿದ್ದಾರೆ. ಆದರೂ ಶಾಲೆ ಬಿಟ್ಟ ಕೂಡಲೇ ಮಕ್ಕಳು ಓಡುವುದು ಅಲ್ಲಿಗೇ. ಕಥೆ ಓದಲು ಕೂತಳೆಂದರೆ ಅವಳೇ ಹುಲಿ, ಅವಳೇ ಮುದುಕಿ, ಬೇಕಾದರೆ ಗಾಳಿಯೂ ಅವಳೇ.

ಅವಳು ಹುಟ್ಟಿ ಬೆಳೆದದ್ದು ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್‌ಮನೆಯಲ್ಲಿ. ಪಿಯುಸಿ ಮುಗಿದ ಮೇಲೂ ಆರು ವರ್ಷ ಅವ್ವನ ಜೊತೆ ಕಾಫಿ ಹಣ್ಣು ಕುಯ್ದವಳು. ಲೈಬ್ರರಿ ಕೆಲಸ ಸಿಕ್ಕ ದಿನ ಹಣ್ಣಿನ ಚೀಲವನ್ನು ಒಲೆಗೆ ಹಾಕಿ, "ಇನ್ಮ್ಯಾಕೆ ನಾನು ಬುಕ್ಕಿನೋಳು" ಎಂದಳಂತೆ.

ಈ ವರ್ಷ ಅವಳಿಗೆ ರಾಜಲಕ್ಷ್ಮಮ್ಮನವರ ಹುಚ್ಚು ಹಿಡಿದಿತ್ತು. ಮೈಸೂರಿನವರು, ಮಕ್ಕಳ ಕಥೆಯನ್ನೂ ತಾವೇ ಬರೆದು ಚಿತ್ರವನ್ನೂ ತಾವೇ ಬಿಡಿಸುವವರು. ಮೂರು ತಿಂಗಳಿಂದ ಪ್ರತಿ ಶನಿವಾರ ಅವರದೇ ಪಾಠ. "ನೋಡ್ರೋ, ಬೆಕ್ಕಿಗೆ ಸಿಟ್ಟು ಬಂದೈತೆ ಅಂತ ಎಲ್ಲೂ ಬರ್ದಿಲ್ಲ. ಬಾಲ ನೋಡಿದ್ರೆ ಗೊತ್ತಾಯ್ತದೆ!" ಎಂದು ತಾನೇ ಬೆರಗಾಗುವಳು. ಕಾಗದದ ಮೇಲೆ ಕಾಗದ ಹಾಕಿ ಕೊನೆಗೂ ಲೈಬ್ರರಿಗೆ ಬರಲು ಅವರನ್ನು ಒಪ್ಪಿಸಿದ್ದಳು. ಜನವರಿಯ ಮೂರನೇ ಶನಿವಾರ ಬರುತ್ತೇನೆಂದರು.

ಆ ವಾರದ ಗುರುವಾರ ಸಂಜೆ, ಮಕ್ಕಳೆಲ್ಲ ಓದುತ್ತ ಕೂತಿದ್ದಾಗ ಪುಸ್ತಕ ಜೋಡಿಸುತ್ತ, ಅವರ ಕಾಫಿ ತೋಟದ ಕಥೆ ತೆರೆದಳು. ಪುಟಪುಟಕ್ಕೂ ನೀಲಿ ಪೆನ್ನು! ಕೊಂಬೆಯ ತುದಿಯಲ್ಲಿ ತೂಗುತ್ತಿದ್ದ ಹಣ್ಣುಗಳಿಗೆಲ್ಲ ಗೀಟು; ಕೊಂಬೆಯ ಉದ್ದಕ್ಕೂ ಗೆಣ್ಣುಗೆಣ್ಣಿಗೆ ಹೊಸ ಗೊಂಚಲು. ಬಟ್ಟಬಯಲಲ್ಲಿದ್ದ ಗಿಡಗಳಿಗೆ ನೆರಳಿನ ಮರ, ಮರಕ್ಕೆ ಮೆಣಸಿನ ಬಳ್ಳಿ. ಕಥೆಯ ಹುಡುಗಿಯ ತಲೆ ಮೇಲಿನ ಬುಟ್ಟಿ ಹೋಗಿ ಸೊಂಟಕ್ಕೆ ಚೀಲ ಬಂದಿತ್ತು. ತೋಳಿನ ತುಂಬ ಕಚ್ಚುವ ಚಗಳಿ ಇರುವೆ.

"ಯಾರ್ರೋ ಇದು ಮಾಡಿದ್ದು?"

ನಾಲ್ಕನೇ ಕ್ಲಾಸಿನ ಸುಚಿತ್ರಾ ಎದ್ದು ನಿಂತಳು. ಲೈನ್‌ಮನೆಯ ಹುಲಿಯಮ್ಮನ ಮಗಳು. "ನಾನೇ ಅಕ್ಕ. ತಪ್ಪಿತ್ತು, ಸರಿ ಮಾಡ್ದೆ."

"ಸರಿ ಮಾಡಕ್ಕೆ ನೀನ್ಯಾವ ದೊಡ್ಡ ಮನುಷ್ಯೆ? ಅಂಥೋರು ಬರ್ದಿದ್ದಕ್ಕೆ ಗೀಚ್ತೀಯಾ? ಇನ್ನೊಂದ್ಸಲ ಈ ಬಾಗ್ಲು ತುಳಿದ್ರೆ ನೋಡು!"

ಹುಡುಗಿ ಅಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಮಾರನೆಯ ದಿನ ಬರಲಿಲ್ಲ.

ಶುಕ್ರವಾರ ಸಂಜೆ ಚಂದ್ರಿಕಾ ರಬ್ಬರು ಹಿಡಿದು ಉಜ್ಜಲು ಕೂತಳು. ಪೆನ್ನಿನ ಗೆರೆ ಹೋಗಬೇಕಲ್ಲ! ಉಜ್ಜುತ್ತ ಉಜ್ಜುತ್ತ ಕೈ ನಿಂತಿತು. ಹೌದಲ್ಲ, ಹಣ್ಣು ಬಿಡುವುದು ಗೆಣ್ಣಿಗೇ ಅಲ್ಲವೇ? ತುದಿಯಲ್ಲಿ ಯಾವ ಗಿಡದಲ್ಲಿ ಕಂಡಿದ್ದೇವೆ? ಆರು ವರ್ಷ ಅದನ್ನೇ ಕುಯ್ದದ್ದು ಇದೇ ಬೆರಳು. ಮೂರು ತಿಂಗಳು ಇದೇ ಪುಟ ತೋರಿಸಿ "ಎಷ್ಟು ಚೆನ್ನಾಗೈತೆ ನೋಡ್ರೋ" ಎಂದದ್ದೂ ಇದೇ ಬಾಯಿ. ನಾಚಿಕೆಗೆ ಅವಳ ಕಿವಿಯೆಲ್ಲ ಬಿಸಿಯಾಯಿತು.

ಶನಿವಾರ ಬೆಳಿಗ್ಗೆಯೇ ಅವಳ ಸ್ಕೂಟಿ ಲೈನ್‌ಮನೆ ಮುಂದೆ ನಿಂತಿತು.

"ಬರಲ್ಲಂತೆ ಕಣವ್ವ," ಎಂದಳು ಹುಲಿಯಮ್ಮ. "ಅದೇನಂದ್ಯೋ ಏನೋ. ಬುಕ್ಕೂ ಬ್ಯಾಡ, ಪೆನ್ನೂ ಬ್ಯಾಡ ಅಂತ ಮೂಲೆ ಹಿಡ್ದು ಕೂತವ್ಳೆ."

ಈಗ ಬಾರದಿದ್ದರೆ ಈ ಹುಡುಗಿ ಇನ್ನೆಂದೂ ಪುಸ್ತಕ ಮುಟ್ಟುವುದಿಲ್ಲ, ಅದು ಚಂದ್ರಿಕಾಗೆ ಖಂಡಿತವಾಗಿ ಗೊತ್ತಿತ್ತು. "ಬಯ್ಯಲ್ಲ ಬಾರೇ ಮಾರಾಯ್ತಿ, ಕೈ ಮುಗೀತೀನಿ" ಎಂದು ಗೋಗರೆದು ಹಿಂದೆ ಕೂರಿಸಿಕೊಂಡಳು. ಹೇಳಬೇಕಾಗಿದ್ದ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ.

ಹತ್ತೂವರೆಗೆ ರಾಜಲಕ್ಷ್ಮಮ್ಮ ಬಂದರು. ಚಂದ್ರಿಕಾ ದೇವರ ಮೇಲೆ ಭಾರ ಹಾಕಿ ಪುಸ್ತಕವನ್ನು ಅವರ ಕೈಗಿಟ್ಟಳು. "ನಮ್ ಸುಚಿತ್ರಾ ತಿದ್ದಿದಾಳೆ ಮೇಡಂ." ಅವರು ಕನ್ನಡಕ ಏರಿಸಿ ಒಂದೊಂದೇ ಪುಟ ನೋಡಿದರು. ಇರುವೆಯ ಪುಟ ಬಂದಾಗ ಅವರು ಫಕ್ಕನೆ ನಕ್ಕುಬಿಟ್ಟರು.

"ಅಯ್ಯೋ, ಕಾಫಿ ಕುಡಿದು ಗೊತ್ತೇ ಹೊರತು ನಾನು ಗಿಡದ ಹತ್ತಿರ ಹೋದವಳಲ್ಲ. ಅಂದಾಜಿನ ಮೇಲೆ ಬರೆದುಬಿಟ್ಟೆ. ಎಲ್ಲಮ್ಮ ಆ ಹುಡುಗಿ?"

ಸುಚಿತ್ರಾ ಮುಂದೆ ಬಂದಳು. "ನಿಮಗೆ ಗೊತ್ತಿರ್ಲಿಲ್ಲ, ಸರಿ. ಚಂದ್ರಿಕಕ್ಕ ನಮ್ಮವ್ವನ ಜೊತೇಲೇ ಹಣ್ಣು ಕುಯ್ದೋರಂತೆ." ಆಮೇಲೆ ಈಚೆ ತಿರುಗಿ ಕೇಳಿದಳು: "ಅಕ್ಕ, ನಿಮಗೆ ಗೊತ್ತಿತ್ತಲ್ಲ. ನೀವ್ಯಾಕೆ ಹೇಳ್ಲಿಲ್ಲ?"

ಎಲ್ಲ ಕಣ್ಣೂ ಚಂದ್ರಿಕಾಳ ಮೇಲೆ. ಅವಳು ಹುಡುಗಿಯ ಹತ್ತಿರ ಬಂದಳು.

"ಬುಕ್ಕಲ್ಲಿ ಇರೋದೇ ಸರಿ ಅನ್ಕೊಂಬುಟ್ಟಿದ್ದೆ ಕಣವ್ವ," ಎಂದಳು. "ನಾನೇ ಕುಯ್ದಿದ್ದನ್ನ ನಾನೇ ನಂಬ್ಲಿಲ್ಲ. ತಪ್ಪು ನಂದು. ನಿನ್ನ ಬಯ್ಬಾರ್ದಿತ್ತು."

ಸುಚಿತ್ರಾ ರಾಜಲಕ್ಷ್ಮಮ್ಮನವರ ಪಕ್ಕ ಚಾಪೆಯ ಮೇಲೆ ಕೂತು, ಒತ್ತರಿಸಿ ಜಾಗ ಮಾಡಿದಳು.

"ಕೂತ್ಕಳಿ ಅಕ್ಕ," ಎಂದಳು. "ಏಣಿ ಹತ್ತಿ ಮೆಣಸು ಕುಯ್ಯೋ ಚಿತ್ರ ನಂಗೆ ಬರ್ಯಕ್ಕೆ ಬರ್ಲಿಲ್ಲ. ನೀವು ಬರ್ದು ತೋರ್ಸಿ."